ಎದುರು ಕೂತವರು ಯಾರೂ ಇಲ್ಲ

ನಿನ್ನೆ ರಾತ್ರಿಯೇ ಬರೆಯಲು ಕೂತಿದ್ದೆ. ಸಿಟ್ಟಿನಲ್ಲಿ ಬರೆದದ್ದನ್ನು ಬೆಳಿಗ್ಗೆ ಅಳಿಸಬೇಕಾಗುತ್ತದೆ ಅಂತ ಫೋನು ಬದಿಗಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಸಿಟ್ಟು ತಲೆದಿಂಬಿನ ಪಕ್ಕದಲ್ಲೇ ಕೂತಿದೆ. ಇನ್ನು ಬರೆಯದೆ ಉಪಾಯ ಇಲ್ಲ.

ಉಡುಪಿಯಿಂದ ಸ್ವಲ್ಪ ದೂರದ ಒಂದು ದೇವಸ್ಥಾನದಲ್ಲಿ ಬ್ರಹ್ಮಕಲಶೋತ್ಸವ. ಊರಿನ ಹೆಸರು ಬೇಡ. ಅಲ್ಲಿಯ ಜನ ಒಳ್ಳೆಯವರು, ಪಾಯಸವೂ ಒಳ್ಳೆಯದಿತ್ತು. ಸಂಜೆ ಆರೂವರೆಗೆ ಧಾರ್ಮಿಕ ಸಭೆ, ಎಂಟು ಗಂಟೆಗೆ ನಮ್ಮ ಮಹಿಳಾ ಸಂಘದ ತಾಳಮದ್ದಳೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ವೇಷ, ಕುಣಿತ ಇಲ್ಲದೆ ಎದುರುಬದುರು ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ವಾಲಿ ಮೋಕ್ಷ. ಎರಡೂವರೆ ಗಂಟೆ ನಿಮ್ಮದೇ ಅಂದಿದ್ದರು. ನನ್ನದು ರಾಮ. ನಿಮಗೆಲ್ಲ ಗೊತ್ತೇ ಉಂಟು, ಹದಿನಾಲ್ಕು ವರ್ಷದಿಂದ ಸಂಘದಲ್ಲಿದ್ದರೂ ನನಗೆ ಸಿಗುವುದು ಸುಗ್ರೀವ, ವಿದುರ, ಹೆಚ್ಚೆಂದರೆ ತಾರೆ. ಈ ಸಲ ರಾಮ ಸಿಕ್ಕಿತ್ತು. ಮೂರು ವಾರ ತಯಾರಿ ಮಾಡಿದ್ದೆ. ಹತ್ತನೇ ಕ್ಲಾಸಿನ ಪೇಪರ್ ತಿದ್ದುವಾಗಲೂ ನನ್ನ ತುಟಿ ಅಲ್ಲಾಡುತ್ತಿತ್ತು ಅಂತ ಸ್ಟಾಫ್ ರೂಮಿನಲ್ಲಿ ನಗಾಡಿದ್ದಾರೆ.

ದಿಕ್ಸೂಚಿ ಭಾಷಣ ಶುರುವಾದದ್ದು ಏಳೂ ಹತ್ತಕ್ಕೆ. ಮುಗಿದದ್ದು ಒಂಬತ್ತೂ ಐದಕ್ಕೆ. ಆಮೇಲೆ ಶಾಲು, ಸ್ಮರಣಿಕೆ, ಧನ್ಯವಾದ. ಅಷ್ಟರಲ್ಲಿ ಅರ್ಧ ಜನ ಊಟದ ಚಪ್ಪರಕ್ಕೆ ಹೋಗಿ ಹಾಳೆ ತಟ್ಟೆ ಹಿಡಿದು ನಿಂತಾಗಿತ್ತು. ಪದ ಹಾಡುವ ನಮ್ಮ ಭಾಗವತರು ಜಾಗಟೆ ಹಿಡಿದಾಗ ಒಂಬತ್ತೂ ಮುಕ್ಕಾಲು. ಸಮಿತಿಯ ಹುಡುಗನೊಬ್ಬ ಬಂದು ಕಿವಿಯಲ್ಲಿ, "ಟೀಚರ್ರೇ, ಹತ್ತೂವರೆಗೆ ಮುಗಿಸಿ ಆಯ್ತಾ, ಮೈಕ್ ಆಫ್ ಮಾಡ್ಬೇಕು" ಅಂದ. ಅವನ ತಪ್ಪಲ್ಲ. ನನ್ನ ಹಳೆ ಶಿಷ್ಯನೇ. ಕಣ್ಣು ತಪ್ಪಿಸಿ ಮಾತಾಡಿದ.

ಮುಕ್ಕಾಲು ಗಂಟೆಯಲ್ಲಿ ವಾಲಿ ಮೋಕ್ಷ! ಇಷ್ಟು ಬೇಗ ಮೋಕ್ಷ ಸಿಗುತ್ತದೆ ಅಂತ ಗೊತ್ತಿದ್ದರೆ ವಾಲಿಯೇ ಮೊದಲು ಓಡಿ ಬರುತ್ತಿದ್ದ.

ಹಾಗಾಗಿ ಈ ಬರಹದಲ್ಲಿ ಅರ್ಧ ಸಿಟ್ಟು ನನ್ನ ಸ್ವಂತದ್ದು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿಯುವುದು ಬೇಡ. ಉಳಿದ ಅರ್ಧ ಮಾತ್ರ ಬೇರೆ.

ಭಾಷಣಕಾರರು ಕೆಟ್ಟ ಮಾತುಗಾರರಲ್ಲ. ಸ್ವರ ಉಂಟು, ಏರಿಳಿತ ಉಂಟು, ಎಲ್ಲಿ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ ಅಂತ ಚೆನ್ನಾಗಿ ಗೊತ್ತುಂಟು. ಎರಡು ಗಂಟೆಯಲ್ಲಿ ಅವರು ಕೇಳಿದ ಪ್ರಶ್ನೆಗಳನ್ನು ನಾನು ಎಣಿಸಿದೆ, ಮಾಡಲು ಬೇರೆ ಕೆಲಸ ಇರಲಿಲ್ಲ. ಹದಿನೇಳು. "ಇದಕ್ಕೆ ಅವರು ಉತ್ತರ ಕೊಡಲಿ ನೋಡೋಣ!" "ಈ ಬುದ್ಧಿವಂತರು ಬಂದು ಹೇಳಲಿ!" "ಇವತ್ತಿನ ಹೆಣ್ಣುಮಕ್ಕಳು ಎದೆ ಮುಟ್ಟಿ ಹೇಳಲಿ!" ಆ 'ಅವರು' ಯಾರೂ ಶಾಮಿಯಾನದಲ್ಲಿ ಇರಲಿಲ್ಲ. ಇವತ್ತಿನ ಹೆಣ್ಣುಮಕ್ಕಳು ಮಾತ್ರ ಇದ್ದೆವು. ವೇದಿಕೆಯ ಹಿಂದೆ ಆರು ಜನ, ಸೆರಗು ಸರಿ ಮಾಡಿಕೊಂಡು, ಮದ್ದಳೆಯ ಶ್ರುತಿ ಇಳಿಯುತ್ತಿದೆ ಅಂತ ತಲೆಬಿಸಿ ಮಾಡಿಕೊಂಡು. ನಮ್ಮ ಕೈಗೆ ಮೈಕ್ ಕೊಡುವವರು ಯಾರು?

ನನ್ನ ತಕರಾರು ಇಷ್ಟೇ. ಇಲ್ಲದವರಿಗೆ ಪ್ರಶ್ನೆ ಹಾಕಿ, ಇದ್ದವರ ಚಪ್ಪಾಳೆ ತೆಗೆದುಕೊಂಡು, ಗೆದ್ದೆ ಅಂತ ಕಾರು ಹತ್ತಿ ಹೋಗುವುದು ಯಾವ ಧರ್ಮದ ಮಾತುಗಾರಿಕೆ ಮಾರಾಯ್ರೇ?

ಅದೂ ಈ ಊರಿನಲ್ಲಿ. ಪಾಜಕ ಅಲ್ಲೇ ಉಂಟಲ್ಲ. ಅಲ್ಲಿ ಹುಟ್ಟಿದ ಮಧ್ವಾಚಾರ್ಯರು ಜೀವನವಿಡೀ ಮಾಡಿದ್ದೇನು? ವಾದ. ಬರೀ ಪ್ರವಚನ ಅಲ್ಲ, ಎದುರಾಳಿಯನ್ನು ಮುಂದೆ ಕೂರಿಸಿಕೊಂಡು ವಾದ. ವಾದ ಮಾಡುವುದು ಹೇಗೆ ಅಂತಲೇ ಅವರ ಒಂದು ಪುಟ್ಟ ಗ್ರಂಥ ಉಂಟು, 'ಕಥಾಲಕ್ಷಣ'. ಹೆಸರು ನೋಡಿ ಕಥೆ ಪುಸ್ತಕ ಅಂದುಕೊಳ್ಳಬೇಡಿ, ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಕಥಾ ಅಂದರೆ ಅಲ್ಲಿ ಚರ್ಚೆ. ಕಾಸರಗೋಡು ಕಡೆಯ ತ್ರಿವಿಕ್ರಮ ಪಂಡಿತರು ಅವರ ಜೊತೆ ದಿನಗಟ್ಟಲೆ ವಾದಕ್ಕೆ ಕೂತರು, ಸೋತರು, ಶಿಷ್ಯರಾದರು, ಆಮೇಲೆ ಗುರುಗಳ ಭಾಷ್ಯಕ್ಕೇ ಟೀಕೆ ಬರೆದರು. ಈ ಕಥೆಯನ್ನು ನಮಗೆ ಹೇಳಿದವರು ಪಂಡಿತರ ಸ್ವಂತ ಮಗ ನಾರಾಯಣ ಪಂಡಿತಾಚಾರ್ಯರು. ಅಪ್ಪ ಸೋತದ್ದನ್ನು ಮಗ ಕಾವ್ಯದಲ್ಲಿ ಬರೆದಿದ್ದಾರೆ! ಈಗ ಯಾರಾದರೂ ಅಪ್ಪ ಸೋತದ್ದನ್ನು ಫೇಸ್‌ಬುಕ್ಕಿನಲ್ಲಿ ಹಾಕುತ್ತಾರಾ? ಸೋಲಿನಲ್ಲಿ ಆಗ ಮರ್ಯಾದೆ ಇತ್ತು. ಎದುರು ಕೂತದ್ದಕ್ಕೇ ಇದ್ದ ಮರ್ಯಾದೆ ಅದು.

ನ್ಯಾಯಶಾಸ್ತ್ರದವರು, ಅಂದರೆ ನಮ್ಮ ಹಳೆಯ ತರ್ಕದವರು, ಈ ಚರ್ಚೆಯನ್ನು ಎಷ್ಟು ಚಂದ ಮಾಡಿ ಮೂರು ಭಾಗ ಮಾಡಿದ್ದರು ನೋಡಿ. ಇಬ್ಬರೂ ಸತ್ಯ ತಿಳಿಯಲು ಮಾತಾಡಿದರೆ ವಾದ. ಗೆಲ್ಲಲೇಬೇಕು ಅಂತ ಮಾತಾಡಿದರೆ ಜಲ್ಪ. ತನ್ನದು ಅಂತ ಏನೂ ಇಡದೆ ಎದುರಿನವನದನ್ನು ಒಡೆಯುವುದೊಂದೇ ಕೆಲಸವಾದರೆ ವಿತಂಡ. ನಾವು ಇವತ್ತು 'ವಿತಂಡವಾದ' ಅಂತ ಬೈಗುಳದ ಹಾಗೆ ಹೇಳುತ್ತೇವಲ್ಲ, ಅದು ಬಂದದ್ದು ಇಲ್ಲಿಂದ. ನನ್ನ ತಮಾಷೆ ಏನೆಂದರೆ, ನಿನ್ನೆಯದ್ದನ್ನು ವಿತಂಡ ಅಂತಲೂ ಕರೆಯುವ ಹಾಗಿಲ್ಲ. ವಿತಂಡಕ್ಕೂ ಎದುರು ಒಬ್ಬ ಬೇಕು.

ಮಾತಿನಲ್ಲಿ ಸಿಕ್ಕಿಬೀಳುವ ಜಾಗಗಳನ್ನು ಅವರು ಪಟ್ಟಿ ಮಾಡಿದ್ದಾರೆ, ನಿಗ್ರಹಸ್ಥಾನ ಅಂತ, ಇಪ್ಪತ್ತೆರಡು. ಹೇಳಿದ್ದನ್ನೇ ಸುಮ್ಮನೆ ಹೇಳಿದರೆ ಸೋಲು. ವಿಷಯ ಬಿಟ್ಟು ಬೇರೆ ಕಡೆ ಹೋದರೆ ಸೋಲು. ನಿನ್ನ ಮಾತಿನಲ್ಲಿ ದೋಷ ಉಂಟು ಅಂದಾಗ, ನಿನ್ನಲ್ಲೂ ಉಂಟಲ್ಲ ಅಂದರೆ ಅದೂ ಸೋಲು, ಯಾಕೆಂದರೆ ನಿನ್ನ ದೋಷ ಒಪ್ಪಿಕೊಂಡ ಹಾಗಾಯಿತು. ಇದೊಂದು ನಿಯಮ ಇವತ್ತು ಜಾರಿಗೆ ಬಂದರೆ ಟಿವಿ ಚಾನೆಲ್‌ಗಳು ಸಂಜೆಯೊಳಗೆ ಬಾಗಿಲು ಹಾಕಬೇಕು. ನನಗೆ ಜಾಸ್ತಿ ಇಷ್ಟ ಆದದ್ದು ವಿಕ್ಷೇಪ. ಬೇರೆ ಕೆಲಸ ಉಂಟು ಅಂತ ನೆಪ ಹೇಳಿ ಚರ್ಚೆಯಿಂದ ಎದ್ದು ಹೋಗುವುದು. ನಿನ್ನೆಯವರು ಭಾಷಣ ಮುಗಿದ ಕೂಡಲೇ "ಇನ್ನೊಂದು ಕಾರ್ಯಕ್ರಮ ಉಂಟು" ಅಂತ ಹೊರಟರು. ತೆಂಗಿನಕಾಯಿ, ಹಣ್ಣು, ಶಾಲು ಎಲ್ಲ ಕಾರಿನ ಹಿಂದಿನ ಸೀಟಿನಲ್ಲಿ.

ಇನ್ನು ವಾಲಿಯ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳದಿದ್ದರೆ ನನಗೆ ನಿದ್ರೆ ಬರುವುದಿಲ್ಲ.

ಮರದ ಮರೆಯಿಂದ ಬಂದ ಬಾಣ ಎದೆಗೆ ನಾಟಿ ವಾಲಿ ಬಿದ್ದಿದ್ದಾನೆ. ಸಾಯುವವನು ಸುಮ್ಮನೆ ಸಾಯುವುದಿಲ್ಲ, ರಾಮನನ್ನು ಕರೆದು ಕೇಳುತ್ತಾನೆ. ನಾನು ನಿನಗೇನು ಮಾಡಿದ್ದೇನೆ? ಬೇರೆಯವನ ಜೊತೆ ಹೊಡೆದಾಡುತ್ತಿದ್ದವನಿಗೆ ಕಾಣದ ಹಾಗೆ ನಿಂತು ಹೊಡೆದೆಯಲ್ಲ, ಇದು ಕ್ಷತ್ರಿಯ ಧರ್ಮವಾ? ನನ್ನ ಮಾಂಸ ತಿನ್ನಲಿಕ್ಕಿಲ್ಲ, ಚರ್ಮ ಉಡಲಿಕ್ಕಿಲ್ಲ, ಮತ್ತೆ ಯಾಕೆ ಕೊಂದೆ? ಸೀತೆ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ಒಂದು ದಿನದಲ್ಲಿ ತಂದುಕೊಡುತ್ತಿದ್ದೆ. ಇದೆಲ್ಲ ವಾಲ್ಮೀಕಿಯಲ್ಲೇ ಉಂಟು. ಯಕ್ಷಗಾನ ಕವಿ ಪಾರ್ತಿಸುಬ್ಬನ ಪದಗಳನ್ನು ಇಟ್ಟುಕೊಂಡು ನಮ್ಮ ಅರ್ಥಧಾರಿಗಳು, ಅಂದರೆ ಪಾತ್ರದ ಮಾತು ಹೇಳುವವರು, ತಲೆಮಾರುಗಳಿಂದ ಇದನ್ನೇ ಬೆಳೆಸಿದ್ದಾರೆ.

ರಾಮನ ಉತ್ತರಗಳೂ ಉಂಟು. ಈ ಭೂಮಿ ಇಕ್ಷ್ವಾಕುಗಳದ್ದು, ಭರತನ ಆಳ್ವಿಕೆಯಲ್ಲಿ ಅಧರ್ಮವನ್ನು ಶಿಕ್ಷಿಸುವ ಅಧಿಕಾರ ನಮಗುಂಟು. ತಮ್ಮ ಬದುಕಿರುವಾಗಲೇ ಅವನ ಹೆಂಡತಿಯನ್ನು ನೀನು ಇಟ್ಟುಕೊಂಡೆ. ಇನ್ನು ಮರೆಯಲ್ಲಿ ನಿಂತದ್ದು? ನೀನು ಮೃಗ, ಬೇಟೆಯಲ್ಲಿ ಮೃಗವನ್ನು ಮರೆಯಿಂದ ಹೊಡೆಯುವುದು ತಪ್ಪಲ್ಲ.

ಅಲ್ಲಿ ರಾಮ ಪಾತ್ರದವರಿಗೆ ಹೊಂಡ ಉಂಟು. ಒಳ್ಳೆಯ ವಾಲಿ ಅಲ್ಲಿಗೇ ಕಾಯುತ್ತಿರುತ್ತಾನೆ. ನಾನು ಮೃಗವಾದರೆ ನನಗೆ ಧರ್ಮ ಇಲ್ಲ, ಧರ್ಮ ಇಲ್ಲದವನಿಗೆ ತಮ್ಮನ ಹೆಂಡತಿ ಅಂತ ಯಾವ ಲೆಕ್ಕ? ಅದು ತಪ್ಪು ಅಂತ ನೀನು ಹೇಳುವುದಾದರೆ ನನಗೆ ಧರ್ಮ ಉಂಟು ಅಂತಾಯಿತು. ಹಾಗಾದರೆ ನಾನು ಮೃಗ ಅಲ್ಲ. ಮೃಗ ಅಲ್ಲದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಹೇಗೆ? ಯಾವುದಾದರೂ ಒಂದು ಹೇಳು ರಾಮ.

ನನ್ನ ಅಜ್ಜ, ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು. ಅದನ್ನು ವಿವರಿಸುವಾಗ ಅವರು ರಾಮನ ಕಡೆಗೆ ಮರುಕ ತೋರಿಸುತ್ತಿದ್ದರು, ದೇವರ ಕಡೆಗೆ! "ಪಾಪ, ಆ ರಾಮನಿಗೆ ಕೂರಲೂ ಆಗುವುದಿಲ್ಲ, ಏಳಲೂ ಆಗುವುದಿಲ್ಲ" ಅಂತ. ವೇಷ ಕಟ್ಟುವ ಆಟ ಆಗಲಿ, ತಾಳಮದ್ದಳೆಯ ಕೂಟ ಆಗಲಿ, ಶೇಣಿಯವರಿಗೆ ಎದುರಾಳಿ ಯಾವ ಧರ್ಮದವನು ಅಂತ ಭೇದ ಇರಲಿಲ್ಲ. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿಗೆ ಮಾತು ಕೊಟ್ಟವರೂ ಅವರೇ. ದೇವಿಯ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಪಾತ್ರ, ಊರೂರಿನ ಜನ ಅದನ್ನು ನೋಡಲೆಂದೇ ಹೋಗುತ್ತಿದ್ದರು.

ಯೋಚಿಸಿ ನೋಡಿ. ದೇವಸ್ಥಾನದ ಅಂಗಳದಲ್ಲಿ, ದೇವರ ಎದುರಿಗೇ, ದೇವರ ಪಾತ್ರವನ್ನು ಕೂರಿಸಿ, ನೀನು ಮಾಡಿದ್ದು ಸರಿಯಾ ಅಂತ ಕೇಳುವ ಏರ್ಪಾಡು ನಮ್ಮಲ್ಲಿ ಉಂಟು. ಕೇಳುವವನು ಬೆವರಿಳಿಸುತ್ತಾನೆ, ದೇವರು ಉತ್ತರ ಹುಡುಕುತ್ತಾನೆ. ಯಾರ ಭಾವನೆಗೂ ಧಕ್ಕೆ ಬರುವುದಿಲ್ಲ. ಮುಗಿದ ಮೇಲೆ ಎಲ್ಲರೂ ಕೈ ಮುಗಿದು ಪ್ರಸಾದ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಭೂತದ ಕೋಲದಲ್ಲೂ ಹಾಗೇ ಅಲ್ವಾ? ದೈವ ನುಡಿ ಕೊಡುತ್ತದೆ, ಮನೆಯ ಹಿರಿಯರು ಕೈ ಮುಗಿದುಕೊಂಡೇ "ಹಾಗಾದರೆ ಇದು ಹೇಗೆ?" ಅಂತ ಕೇಳುತ್ತಾರೆ. ರಾಮನನ್ನು ಕೇಳಬಹುದು, ದೈವವನ್ನು ಕೇಳಬಹುದು. ದಿಕ್ಸೂಚಿ ಭಾಷಣಕಾರರನ್ನು ಮಾತ್ರ ಕೇಳುವ ಹಾಗಿಲ್ಲ.

ಇದು ನಮ್ಮ ಶಾಮಿಯಾನದ ಕಾಯಿಲೆ ಮಾತ್ರ ಅಂತ ನಾನು ಹೇಳುವುದಿಲ್ಲ. ಪಕ್ಕದ ಮನೆಯ ಕ್ರಿಶ್ಚಿಯನ್ ಬಾಯಮ್ಮ ಪ್ರತಿ ಭಾನುವಾರ ಇಗರ್ಜಿಯಿಂದ ಬಂದು, ಶೆರ್ಮಾಂವ್, ಅಂದರೆ ಪಾದ್ರಿಯ ಪ್ರವಚನ, ಎಷ್ಟು ಉದ್ದ ಆಯಿತು ಅಂತ ನನ್ನ ಹತ್ತಿರವೇ ದೂರು ಹೇಳುವುದು. ಮತಪ್ರಸಂಗ ಕೇಳಿ ಬಂದ ನನ್ನ ಬ್ಯಾರಿ ಗೆಳತಿಯದ್ದೂ ಅದೇ ಕಥೆ. ಮೂವರು ಕೂತು ಮಾತಾಡಿದರೆ ಸ್ವರ ಒಂದೇ, ಹೆಸರು ಬೇರೆ.

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಇಂಗ್ಲಿಷ್ ಟೀಚರ್ ಒಮ್ಮೆ ಸಂತ ಆಗಸ್ಟೀನನ ಆತ್ಮಕಥೆ ಕೊಟ್ಟಿದ್ದರು. ಓದಿ ಬೆರಗಾಗಿದ್ದೆ. ಕ್ರೈಸ್ತರ ಅಷ್ಟು ದೊಡ್ಡ ಗುರು ಮೊದಲು ಭಾಷಣ ಕಲಿಸುವ ಮೇಷ್ಟ್ರು! ನಾಲ್ಕನೇ ಶತಮಾನದಲ್ಲಿ ಮಿಲಾನಿನಲ್ಲಿ ಅವನಿಗೆ ಅದೇ ನೌಕರಿ. ತಾನು ಮಾತಿನ ವ್ಯಾಪಾರಿಯಾಗಿದ್ದೆ ಅಂತ ಅವನೇ ಬರೆದುಕೊಂಡಿದ್ದಾನೆ. ಚಕ್ರವರ್ತಿಯನ್ನು ಹೊಗಳುವ ಭಾಷಣ ತಯಾರು ಮಾಡುತ್ತಿದ್ದನಂತೆ, ಅದರಲ್ಲಿ ಸುಳ್ಳೇ ಜಾಸ್ತಿ, ಸುಳ್ಳು ಅಂತ ಗೊತ್ತಿದ್ದವರೇ ಮೆಚ್ಚುವವರು. ಆ ಊರಿನ ಬಿಷಪ್ ಆಂಬ್ರೋಸ್ ಒಳ್ಳೆಯ ಮಾತುಗಾರ ಅಂತ ಕೇಳಿ, ವಿಷಯಕ್ಕಲ್ಲ, ಬರೀ ಶೈಲಿ ನೋಡಲು ಹೋದ. ಶೈಲಿಯ ಹಿಂದೆಯೇ ವಿಷಯವೂ ಒಳಗೆ ಬಂದುಬಿಟ್ಟಿತು. ಮಾತಿಗೆ ಅಷ್ಟು ಶಕ್ತಿ ಉಂಟು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮುಂದೆ ಅವನೇ, ಸುಳ್ಳಿನವರ ಕೈಯಲ್ಲಿ ಮಾತಿನ ಆಯುಧ ಇರುವಾಗ ಸತ್ಯದವರು ಯಾಕೆ ಬರಿಗೈಯಲ್ಲಿ ನಿಲ್ಲಬೇಕು ಅಂತ ವಾದಿಸಿ, ಬೋಧಕರಿಗೆ ಮಾತುಗಾರಿಕೆಯ ಪಾಠವನ್ನೇ ಬರೆದ. 426ರ ಸುಮಾರಿಗೆ. ಸರಿಯೇ. ಆದರೆ ಸತ್ಯ ಯಾರ ಕಡೆ ಉಂಟು ಅಂತ ಎದುರಿನವನನ್ನು ಕೇಳದೆ ಗೊತ್ತಾಗುವುದು ಹೇಗೆ ಅಂತ ನಾನು ಆ ಟೀಚರನ್ನು ಕೇಳಿದೆ. ಅವರು ಬೆಲ್ ಆಯ್ತು ಅಂತ ಎದ್ದು ಹೋದರು. ವಿಕ್ಷೇಪ!

ಮಂಗಳೂರಿಗೆ 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರನ್ನೇ ನೋಡಿ. ಬಂದದ್ದು ಮತಬೋಧನೆಗೆ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಬೋಧನೆ ಮಾಡಬೇಕಾದರೆ ಮೊದಲು ಎದುರಿನವರ ಮಾತು ಕಲಿಯಬೇಕಿತ್ತು. ಕನ್ನಡ ಕಲಿತರು, ತುಳು ಕಲಿತರು, ಗಾದೆ ಸಂಗ್ರಹಿಸಿದರು. 1843ರಲ್ಲಿ ಮೊಗ್ಲಿಂಗ್ 'ಮಂಗಳೂರು ಸಮಾಚಾರ' ತೆಗೆದ, ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಕಿಟೆಲ್ ನಿಘಂಟು ಬಂತು. ಎದುರು ಒಬ್ಬ ಕೂತಿದ್ದಾನೆ ಅಂತಾದರೆ ನಿಘಂಟು ಬೇಕಾಗುತ್ತದೆ. ಯಾರೂ ಇಲ್ಲದಿದ್ದರೆ ಮೈಕ್ ಸಾಕು.

ಅಶೋಕನೂ ಇದೇ ತಲೆಬಿಸಿಯಲ್ಲಿದ್ದ ಅಂತ ಕಾಣುತ್ತದೆ. ಅವನ ಹನ್ನೆರಡನೇ ಶಿಲಾಶಾಸನ ಪೂರ್ತಿ ಇದರ ಬಗ್ಗೆಯೇ. ನಿನ್ನ ಮತವನ್ನು ಸುಮ್ಮನೆ ಹೊಗಳಬೇಡ, ಬೇರೆಯವರದ್ದನ್ನು ಕಾರಣ ಇಲ್ಲದೆ ತೆಗಳಬೇಡ, ನಾಲಿಗೆ ಹಿಡಿತದಲ್ಲಿರಲಿ, ಒಬ್ಬರದ್ದನ್ನು ಇನ್ನೊಬ್ಬರು ಕೇಳಿ. ಈ ಶಾಸನದ ಒಂದು ಪ್ರತಿ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ಎಲ್ಲಿ ಅಂದರೆ, ದೇವಸ್ಥಾನದ ಒಳಗೆ, ಮೂರ್ತಿಯ ಪೀಠದ ಕಲ್ಲಾಗಿ ಬಳಸಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು, ನಾವು ಅದರ ಮೇಲೆ ಮೂರ್ತಿ ಇಟ್ಟು ಪೂಜೆ ಮಾಡಿದ್ದೇವೆ. ಓದಿದವರು ಯಾರು?

ಇದನ್ನೆಲ್ಲ ನಿನ್ನೆ ರಾತ್ರಿ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನಿಗೆ ನನ್ನ ಸಿಟ್ಟು ಯಾವಾಗಲೂ ಅರ್ಧಕ್ಕರ್ಧ ಕಡಿಮೆ ಕಾಣುತ್ತದೆ. "ಜನ ಬರುವುದು ಕೈ ಮುಗಿಯಲಿಕ್ಕೆ, ನಿನ್ನ ನ್ಯಾಯಶಾಸ್ತ್ರಕ್ಕಲ್ಲ. ಭಕ್ತಿ ಇರುವಲ್ಲಿ ತರ್ಕ ಯಾಕೆ? ನಾಲ್ಕು ಧೈರ್ಯದ ಮಾತು ಕೇಳಿ ಖುಷಿಯಾಗಿ ಹೋಗ್ತಾರೆ, ನಿನಗೇನು ಕಷ್ಟ?" ಅಂದ.

ಮಾತು ಸ್ವಲ್ಪ ಸರಿ ಅಂತ ಮೊದಲು ಅನಿಸಿತು. ಆಮೇಲೆ ಇಲ್ಲ ಅನಿಸಿತು. ಭಕ್ತಿಯಲ್ಲಿ ಜಗಳ ಇಲ್ಲ ಅಂದವರು ಯಾರು? ದಾಸರು ದೇವರನ್ನು ಬೈದ ಹಾಗೆ ನನ್ನ ಅತ್ತೆ ನನ್ನನ್ನು ಬೈದಿಲ್ಲ. ನಿಂದಾಸ್ತುತಿ ಅಂತ ಅದಕ್ಕೆ ಹೆಸರೇ ಉಂಟು. ಉಡುಪಿಗೆ ಬಂದವರೆಲ್ಲ ಮೊದಲು ಹೋಗಿ ನೋಡುವುದು ಕನಕನ ಕಿಂಡಿ. ಒಳಗೆ ಬಿಡದ ಒಬ್ಬ ಹೊರಗೆ ನಿಂತು ಹಾಡಿದ, ದೇವರೇ ತಿರುಗಿದ ಅಂತ ಕಥೆ. ದೇವರು ತಿರುಗಿ ಕೇಳಿಸಿಕೊಂಡ ಊರಿನಲ್ಲಿ ನಾವು ಎರಡು ಗಂಟೆ ಒಂದೇ ದಿಕ್ಕಿನ ಮಾತು ಕೇಳಿ ಖುಷಿಯಾಗಿ ಹೋಗಬೇಕಂತೆ. ಅಣ್ಣನಿಗೆ ಇಷ್ಟು ಹೇಳುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

ತಾಳಮದ್ದಳೆ ಎಲ್ಲ ಚಿನ್ನ ಅಂತಲೂ ಅಲ್ಲ, ಒಪ್ಪುತ್ತೇನೆ. ಪೀಠಿಕೆಯೇ ಮುಕ್ಕಾಲು ಗಂಟೆ ಎಳೆಯುವವರಿದ್ದಾರೆ. ಪಾತ್ರ ಬಿಟ್ಟು ಎದುರಿನವರ ಸ್ವಂತ ವಿಷಯಕ್ಕೆ ಕೈ ಹಾಕುವವರಿದ್ದಾರೆ. ಅಂಥ ಕೂಟದಿಂದ ಎದ್ದು ಬಂದ ದಿನ ಅಜ್ಜ "ಇವತ್ತು ಅರ್ಥ ಅಲ್ಲ, ಅನರ್ಥ" ಅನ್ನುತ್ತಿದ್ದರು. ಆದರೆ ಅಲ್ಲಿ ಅನರ್ಥ ಆಡಿದವನಿಗೆ ಅಲ್ಲೇ, ಎರಡೇ ಅಡಿ ದೂರದಿಂದ ಉತ್ತರ ಬೀಳುತ್ತದೆ.

ಈಗ ಒಂದು ವಿಷಯ. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಎಂಟು ವರ್ಷದ ಹಿಂದೆ ಒಂದು ಭಜನಾ ಮಂದಿರದ ವಾರ್ಷಿಕೋತ್ಸವಕ್ಕೆ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಟೀಚರ್ ಅಲ್ವಾ, ಮಾತಾಡುತ್ತಾರೆ ಅಂತ. ಹತ್ತು ನಿಮಿಷ ಆಗುವಾಗ ಮುಂದಿನ ಸಾಲಿನಲ್ಲಿ ಆಕಳಿಕೆ ಶುರುವಾಯಿತು. ನನಗೆ ಭಯ ಆಯಿತು. ಸ್ವರ ಏರಿಸಿ, "ಗೀತೆಯಲ್ಲಿ ಕೃಷ್ಣ ಹೇಳಿದ ಹಾಗೆ" ಅಂತ ಶುರು ಮಾಡಿ, ಬಾಯಿಗೆ ಬಂದ ಒಂದು ಚಂದದ ಮಾತನ್ನು ಕೃಷ್ಣನ ತಲೆಗೆ ಕಟ್ಟಿದೆ. ಆ ಮಾತು ನನ್ನದೇ. ಏನು ಚಪ್ಪಾಳೆ ಅಂತೀರಿ! ಆಮೇಲೆ ಇನ್ನೆರಡು ಸಲ ಹಾಗೇ ಮಾಡಿದೆ. ಚಪ್ಪಾಳೆಯ ರುಚಿ ಹತ್ತಲು ಐದು ನಿಮಿಷ ಸಾಕು.

ಊಟಕ್ಕೆ ಕೂತಾಗ ಸಾರು ಬಡಿಸುತ್ತಿದ್ದ ವಯಸ್ಸಾದವರೊಬ್ಬರು ನನ್ನ ಎಲೆಯ ಮುಂದೆ ನಿಂತರು. ಸೌಟು ಕೈಯಲ್ಲೇ ಉಂಟು. "ಟೀಚರ್ರೇ, ನೀವು ಹೇಳಿದ ಆ ಗೀತೆಯ ಮಾತು ಯಾವ ಅಧ್ಯಾಯದಲ್ಲಿ ಬರ್ತದೆ? ಮನೆಗೆ ಹೋಗಿ ಒಮ್ಮೆ ನೋಡುವಾ ಅಂತ."

"ಹನ್ನೆರಡರಲ್ಲೋ ಹದಿಮೂರರಲ್ಲೋ" ಅಂದೆ. ಅನ್ನದಿಂದ ಕಣ್ಣು ಎತ್ತಲಿಲ್ಲ.

ಹತ್ತು ದಿನ ಬಿಟ್ಟು ಯಾರದ್ದೋ ಕೈಯಿಂದ ನಂಬರ್ ತೆಗೆದುಕೊಂಡು ಫೋನ್ ಮಾಡಿದರು. ಗಲಾಟೆ ಮಾಡಲಿಕ್ಕಲ್ಲ. ಬಹಳ ಮರ್ಯಾದೆಯಿಂದ, ನನ್ನದೇ ಏನೋ ವಸ್ತು ಅವರ ಮನೆಯಲ್ಲಿ ಉಳಿದ ಹಾಗೆ. "ಹನ್ನೆರಡರಲ್ಲಿ ಇಲ್ಲ ಟೀಚರ್ರೇ. ಹದಿಮೂರರಲ್ಲೂ ಕಾಣ್ಲಿಲ್ಲ. ನನ್ನ ಕಣ್ಣು ಸ್ವಲ್ಪ ಮಂದ, ಹಾಗೆ ಹದಿನೆಂಟೂ ನೋಡಿದೆ."

ನಾನು ಏನು ಹೇಳಿದೆ ಗೊತ್ತಾ? "ಬೆಲ್ ಆಯ್ತು, ಕ್ಲಾಸ್ ಉಂಟು, ಆಮೇಲೆ ಫೋನ್ ಮಾಡ್ತೇನೆ" ಅಂದೆ. ಮಾಡಲಿಲ್ಲ. ಮೇಲೆ ವಿಕ್ಷೇಪ ಅಂತ ಇಬ್ಬರನ್ನು ತಮಾಷೆ ಮಾಡಿದ್ದೇನಲ್ಲ, ಮೂರನೆಯವಳು ನಾನೇ. ಆ ಹದಿನೆಂಟು ಅಧ್ಯಾಯ ಓದಿದ ಮನುಷ್ಯ ಈಗ ಇಲ್ಲ. ತಾಳಮದ್ದಳೆಯಲ್ಲಿ ಶ್ಲೋಕ ಹೇಳುವಾಗ ಇವತ್ತಿಗೂ ನಾನು ಪುಸ್ತಕ ತೆಗೆದು ಎರಡು ಸಲ ನೋಡುತ್ತೇನೆ. ಸೌಟು ಹಿಡಿದು ಯಾರೋ ಎಲೆಯ ಮುಂದೆ ನಿಂತ ಹಾಗೆ ಆಗುತ್ತದೆ.

ನಿನ್ನೆಯ ಕೂಟದ ಕಥೆ ಹೇಳಲಿಲ್ಲ. ನಮ್ಮ ವಾಲಿ, ನಿವೃತ್ತಿಯಾದ ಪೋಸ್ಟಾಫೀಸಿನ ಅಕ್ಕ, ಮೊಣಕಾಲು ನೋವಿನಿಂದ ನೆಲದಲ್ಲಿ ಕೂರಲಾಗದೆ ಕುರ್ಚಿಯಲ್ಲೇ ಕೂತು ಅರ್ಥ ಹೇಳುವವರು. ಬಾಣ ತಾಗಿ ಬಿದ್ದದ್ದು ಹತ್ತೂ ಹದಿನೈದಕ್ಕೆ. ಮೊದಲ ಪ್ರಶ್ನೆ ಕೇಳಿದರು, ಎರಡನೆಯದು ಕೇಳಿದರು. ಅಷ್ಟರಲ್ಲಿ ನನ್ನ ಶಿಷ್ಯ ಬದಿಯಲ್ಲಿ ಬಂದು ನಿಂತು ವಾಚು ಮುಟ್ಟಿ ತೋರಿಸಿದ. ನಾನು ನಾಲ್ಕು ನಿಮಿಷದಲ್ಲಿ ಭರತನ ಆಳ್ವಿಕೆ, ತಮ್ಮನ ಹೆಂಡತಿ ಎಲ್ಲ ಮುಗಿಸಿದೆ. ಮೃಗದ ವಾದ ಎತ್ತಲೇ ಇಲ್ಲ. ಈ ಸಲ ಅದನ್ನು ಬಿಟ್ಟು, "ಸುಗ್ರೀವನಿಗೆ ಮಾತು ಕೊಟ್ಟಿದ್ದೆ, ಕೊಟ್ಟ ಮಾತಿಗೆ ನಿಂತೆ, ಅಪವಾದ ಬಂದರೆ ನನಗೇ ಬರಲಿ" ಅಂತ ನಿಲ್ಲುವುದು ಅಂದುಕೊಂಡಿದ್ದೆ. ಮೂರು ವಾರದ ತಯಾರಿಯಲ್ಲಿ ಇದೊಂದು ಹೊಸದು ಹೊಳೆದಿತ್ತು. ಹೇಳಿದೆ. ವಾಲಿ ಬಾಯಿ ತೆರೆದರು. ಅಷ್ಟಕ್ಕೇ ಭಾಗವತರು ಮಂಗಳ ಹಾಡಿದರು. ಜನ ಹದಿನೆಂಟೋ ಇಪ್ಪತ್ತೋ ಇದ್ದರು.

ನಿನ್ನೆ ನಾನು ಗೆದ್ದೆ ಅಂತಲೇ ಲೆಕ್ಕ. ಎದುರಿನವರು ಬಾಯಿ ತೆರೆದಲ್ಲೇ ಮುಗಿಯಿತಲ್ಲ.

ಇವತ್ತು ಬೆಳಿಗ್ಗೆ ಆರೂವರೆಗೆ ವಾಲಿಯ ಫೋನು. ಹಲೋ ಇಲ್ಲ, ಚಹಾ ಆಯ್ತಾ ಅಂತ ಇಲ್ಲ.

"ಮಾತು ಕೊಟ್ಟಿದ್ದೆ ಅಂದೆಯಲ್ಲ ಮಾರಾಯ್ತಿ, ನಿನ್ನೆ ಕೇಳ್ಲಿಕ್ಕೆ ಬಿಡ್ಲಿಲ್ಲ, ಈಗ ಕೇಳ್ತೇನೆ. ಸುಗ್ರೀವ ಬಂದು ಅವನ ಕಥೆ ಹೇಳಿದ, ನೀನು ಕೇಳಿದೆ, ಕೊಲ್ತೇನೆ ಅಂತ ಮಾತು ಕೊಟ್ಟೆ. ಕೊಡುವ ಮೊದಲು ನನ್ನದೇನು ಅಂತ ಒಂದು ಸಲ ನನ್ನನ್ನು ಕೇಳಿದೆಯಾ?"

ನಾನು ಹಾಸಿಗೆಯಲ್ಲೇ ಎದ್ದು ಕೂತೆ.

ಭಾನುವಾರ ಸಂಜೆ ಅವರ ಮನೆ ಜಗಲಿಯಲ್ಲಿ ಕೂರುವುದು ಅಂತ ಆಗಿದೆ. ನಾಲ್ಕು ದಿನ ಉಂಟು. ರಾಮನಿಗೆ ಉತ್ತರ ಯಾರಿಗಾದರೂ ಹೊಳೆದರೆ ಇನ್‌ಬಾಕ್ಸಿನಲ್ಲಿ ಹೇಳಿ. ಕಾಮೆಂಟಿನಲ್ಲಿ ಹಾಕಬೇಡಿ, ವಾಲಿ ಓದುತ್ತಾರೆ.